ಜಟ್‌ಲ್ಯಾಂಡ್ ಕದನದಲ್ಲಿ ಐದನೇ ಬ್ಯಾಟಲ್ ಸ್ಕ್ವಾಡ್ರನ್ ಹಿಂದುಳಿದದ್ದು ಯಾರ ತಪ್ಪಿನಿಂದ?

ಪ್ರಶ್ನೆ (ಕಡಲೋದು):
ಮಾನ್ಯರೇ, 1916ರ ಮೇ 31ರಂದು ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಜಟ್‌ಲ್ಯಾಂಡ್ ಕದನದ ಕುರಿತು ಓದುತ್ತಿದ್ದೇನೆ. ರಿಯರ್ ಅಡ್ಮಿರಲ್ ಹ್ಯೂ ಇವಾನ್-ಥಾಮಸ್ ಅವರ ಐದನೇ ಬ್ಯಾಟಲ್ ಸ್ಕ್ವಾಡ್ರನ್ನಿನಲ್ಲಿ (ಬ್ರಿಟಿಷ್ ಯುದ್ಧನೌಕೆಗಳ ಒಂದು ತಂಡ) ಬಾರ್‌ಹ್ಯಾಮ್, ವೇಲಿಯಂಟ್, ವಾರ್‌ಸ್ಪೈಟ್ ಮತ್ತು ಮಲಯ ಎಂಬ ನಾಲ್ಕು ಹಡಗುಗಳಿದ್ದವು. ಪ್ರತಿಯೊಂದರಲ್ಲೂ 15 ಅಂಗುಲದ ಎಂಟು ಫಿರಂಗಿಗಳಿದ್ದವು. ಅಂದು ಸಮುದ್ರದಲ್ಲಿದ್ದ ಅತ್ಯಂತ ಬಲಶಾಲಿ ಹಡಗುಗಳು ಇವೇ. ಆದರೂ ಬ್ರಿಟಿಷ್ ಮುಂಚೂಣಿ ಪಡೆಯ ಸೇನಾನಿ ಬೀಟಿಯವರ, ವೇಗದ ದೊಡ್ಡ ಯುದ್ಧನೌಕೆಗಳಾದ ಬ್ಯಾಟಲ್ ಕ್ರೂಸರ್‌ಗಳು ಹೋರಾಟ ಆರಂಭಿಸಿದಾಗ ಇವು ಜೊತೆಯಲ್ಲಿರಲಿಲ್ಲ. ಇದಕ್ಕೆ ಇವಾನ್-ಥಾಮಸ್ ಅವರನ್ನೇ ಹೊಣೆ ಮಾಡುವುದು ಸರಿಯೇ?

ಉತ್ತರ (ನೌಕಾಭ್ಯಾಸಿ):
ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಈ ಸ್ಕ್ವಾಡ್ರನ್ ಸ್ಕಾಟ್ಲೆಂಡಿನ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ಬ್ರಿಟಿಷ್ ಮುಖ್ಯ ಪಡೆಯ ಸೇನಾಪತಿ ಜೆಲಿಕೋ ಅವರ ಕೈಕೆಳಗೆ ಪಳಗಿದ್ದು. ಬೀಟಿಯವರ ಮೂರನೇ ಬ್ಯಾಟಲ್ ಕ್ರೂಸರ್ ಸ್ಕ್ವಾಡ್ರನ್ ಫಿರಂಗಿ ಅಭ್ಯಾಸಕ್ಕೆಂದು ಅಲ್ಲಿಗೆ ಹೋದದ್ದರಿಂದ ಅದರ ಬದಲಿಗೆ ಇದನ್ನು ಅವರ ಬಳಿಗೆ ಕಳುಹಿಸಲಾಗಿತ್ತು. ಬೀಟಿ ಇದನ್ನು ತಮ್ಮಿಂದ ಸುಮಾರು ಐದು ಮೈಲಿ ದೂರದಲ್ಲಿ ಇರಿಸಿದ್ದರು. ತಾವು ಹೇಗೆ ಹೋರಾಡಲು ಬಯಸುತ್ತೇವೆಂಬುದನ್ನು ಇವಾನ್-ಥಾಮಸ್ ಅವರೊಡನೆ ಕುಳಿತು ಮಾತನಾಡಿಯೂ ಇರಲಿಲ್ಲ. ಮಧ್ಯಾಹ್ನ 2 ಗಂಟೆ 32 ನಿಮಿಷಕ್ಕೆ ಬೀಟಿಯವರ ಧ್ವಜನೌಕೆ (ಸೇನಾನಿ ಇರುವ ಹಡಗು) ಲಯನ್ ಆಗ್ನೇಯದತ್ತ ತಿರುಗಿತು. ಆದೇಶವನ್ನು ಬಾವುಟಗಳ ಮೂಲಕ ಏರಿಸಲಾಯಿತು. ಆದರೆ ಅಷ್ಟು ದೂರದಲ್ಲಿ, ಹೊಗೆಯ ನಡುವೆ, ಅವು ಬಾರ್‌ಹ್ಯಾಮ್‌ಗೆ ಕಾಣಿಸಲಿಲ್ಲ. ದೀಪದ ಸಂಕೇತದಿಂದ ಅದನ್ನೇ ಮತ್ತೆ ತಿಳಿಸಬಹುದಾಗಿತ್ತು, ಅದು ಆಗಲಿಲ್ಲ. ಸುಮಾರು ಎಂಟು ನಿಮಿಷ ಎರಡೂ ಪಡೆಗಳು ವಿರುದ್ಧ ದಿಕ್ಕುಗಳಲ್ಲಿ ಸಾಗಿ, ಅಂತರ ಹತ್ತು ಮೈಲಿಯಾಯಿತು.

ಉತ್ತರ (ಹಳೆಯ ಕಡತ):
ಸಂಕೇತದ ವ್ಯವಸ್ಥೆ ಕೆಟ್ಟದ್ದು ನಿಜವಾದರೂ, ಮುಂದಿದ್ದ ಸೇನಾನಿ ಶತ್ರುವಿನತ್ತ ತಿರುಗಿದ್ದನ್ನು ಕಣ್ಣಾರೆ ಕಂಡ ಅಧಿಕಾರಿ ಆದೇಶಕ್ಕಾಗಿ ಕಾಯಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಜೆಲಿಕೋ ಅವರ ಪಡೆಯಲ್ಲಿ ಆದೇಶವಿಲ್ಲದೆ ಸಾಲು ಬಿಡುವ ಅಭ್ಯಾಸವಿರಲಿಲ್ಲ. ಅದೇ ಶಿಸ್ತು ಇಲ್ಲಿ ಅಡ್ಡ ಬಂದಿತು. ಪೂರ್ತಿ ತಪ್ಪು ಬೀಟಿಯವರದೆಂದು ನಾನು ಹೇಳಲಾರೆ. ಆದರೆ 1920ರ ದಶಕದಲ್ಲಿ ಈ ವಿವಾದ ಮುದ್ರಣದಲ್ಲಿ ಬಂದಾಗ ಹೆಚ್ಚಿನ ಭಾರ ಇವಾನ್-ಥಾಮಸ್ ಅವರ ಹೆಗಲಿಗೇ ಬಿದ್ದದ್ದು ಅನ್ಯಾಯ.

ಕದನಕ್ಕೆ ಬಂದ ಮೇಲೆ ಅವರ ಹಡಗುಗಳು ಮಾಡಿದ್ದನ್ನೂ ನೋಡಬೇಕು. 4 ಗಂಟೆ ದಾಟಿದ ಕೂಡಲೇ ಸುಮಾರು 19,000 ಗಜ ದೂರದಿಂದ ಬಾರ್‌ಹ್ಯಾಮ್ ಹಾರಿಸಿದ ಶೆಲ್ ಒಂದು ಜರ್ಮನ್ ಬ್ಯಾಟಲ್ ಕ್ರೂಸರ್ ಫಾನ್ ಡೆರ್ ಟಾನ್‌ನ ಹಿಂಭಾಗಕ್ಕೆ ಬಡಿದು, ನೂರಾರು ಟನ್ ನೀರು ಒಳನುಗ್ಗಿತು. ಸ್ಕಾಪಾ ಫ್ಲೋದ ಅಭ್ಯಾಸದ ಫಲ ಅದು.

ಪ್ರಶ್ನೆ (ಕಡಲೋದು):
ಧನ್ಯವಾದಗಳು. ಹಾಗಾದರೆ ಉತ್ತರಕ್ಕೆ ತಿರುಗುವಾಗ ಇವು ಅಷ್ಟು ಪೆಟ್ಟು ತಿಂದದ್ದೇಕೆ?

ಉತ್ತರ (ನೌಕಾಭ್ಯಾಸಿ):
ಅದೂ ಬಾವುಟದ ಕಥೆಯೇ. ಜರ್ಮನ್ ಸೇನಾಪತಿ ಷೀರ್ ಅವರ ಮುಖ್ಯ ಪಡೆಯನ್ನು ಕಂಡ ಬೀಟಿ ಉತ್ತರಕ್ಕೆ ತಿರುಗಿ, ಎದುರಿನಿಂದ ಬರುತ್ತಿದ್ದ ಐದನೇ ಸ್ಕ್ವಾಡ್ರನ್ನಿಗೂ ಒಂದರ ಹಿಂದೆ ಒಂದರಂತೆ ಸಾಲಾಗಿ ತಿರುಗಲು ಸೂಚಿಸಿದರು. ಬಾವುಟ ಇಳಿಸಿದಾಗಲೇ ಆದೇಶ ಜಾರಿಯಾಗುವುದು ನಿಯಮ. ಲಯನ್ ಅದನ್ನು ಇಳಿಸಲು ಹಲವು ನಿಮಿಷ ತಡ ಮಾಡಿತು. ಅಷ್ಟರಲ್ಲಿ ಇವು ಜರ್ಮನ್ ಫಿರಂಗಿಗಳ ಅಳತೆಯೊಳಕ್ಕೆ ಬಂದಿದ್ದವು. ಹಡಗುಗಳು ಸರದಿಯಂತೆ ಒಂದೇ ಜಾಗದಲ್ಲಿ ತಿರುಗುತ್ತಿದ್ದರಿಂದ ಜರ್ಮನ್ನರು ಆ ಜಾಗಕ್ಕೇ ಗುರಿಯಿಟ್ಟರು. ಕೊನೆಯಲ್ಲಿದ್ದ ಮಲಯದ ಕ್ಯಾಪ್ಟನ್ ಬಾಯ್ಲ್ ಅಲ್ಲಿಗೆ ಮುಟ್ಟುವ ಮೊದಲೇ ಹಡಗನ್ನು ತಿರುಗಿಸಿದರು. ಇದು ಅಂದಿನ ಅತ್ಯಂತ ವಿವೇಕದ ನಿರ್ಧಾರಗಳಲ್ಲಿ ಒಂದು. ಮುಂದೆ ಅದರ 6 ಅಂಗುಲದ ಫಿರಂಗಿಗಳ ಬಳಿ ಮದ್ದಿಗೆ ಬೆಂಕಿ ಹತ್ತಿ ಹಲವರು ಸತ್ತರು. ಹಡಗಿನಲ್ಲಿ ಒಟ್ಟು 60ಕ್ಕೂ ಹೆಚ್ಚು ಜನ ಮಡಿದರು. ಸಂಜೆ ವಾರ್‌ಸ್ಪೈಟ್‌ನ ಚುಕ್ಕಾಣಿ ಸಿಕ್ಕಿಹಾಕಿಕೊಂಡು ಅದು ಶತ್ರುವಿನ ಎದುರಿಗೇ ಸುತ್ತು ಹೊಡೆಯಿತು. ಶತ್ರುವಿನ ಗುಂಡು ಅದರತ್ತ ಹೊರಳಿದ್ದರಿಂದ ಜರ್ಜರಿತವಾಗಿದ್ದ ವಾರಿಯರ್ ಕ್ರೂಸರ್ ತಪ್ಪಿಸಿಕೊಂಡಿತು. ವೇಲಿಯಂಟ್‌ಗೆ ಮಾತ್ರ ಒಂದು ಶೆಲ್ಲೂ ತಾಗಲಿಲ್ಲ.

ಉತ್ತರ (ಹಳೆಯ ಕಡತ):
ಒಂದು ಅಂಶ ಸೇರಿಸುತ್ತೇನೆ. ಈ ಸ್ಕ್ವಾಡ್ರನ್ನಿನ ಗುರಿ ಚೆನ್ನಾಗಿದ್ದರೂ ಬ್ರಿಟಿಷ್ ಶೆಲ್‌ಗಳು ದಪ್ಪ ಉಕ್ಕಿನ ಕವಚಕ್ಕೆ ಓರೆಯಾಗಿ ಬಡಿದಾಗ ಒಳನುಗ್ಗುವ ಮೊದಲೇ ಒಡೆಯುತ್ತಿದ್ದವು. ಆ ದೋಷವನ್ನು ಸರಿಪಡಿಸಿದ ಹೊಸ ಶೆಲ್‌ಗಳು ನೌಕಾಪಡೆಗೆ ತಲುಪಿದ್ದು 1918ರಲ್ಲಿ. ಆದರೆ ಎರಡೂ ಪಡೆಗಳು ಪೂರ್ಣಬಲದಲ್ಲಿ ಮತ್ತೆ ಎದುರುಬದುರಾಗಲೇ ಇಲ್ಲ.