ವರ್ಷದ ಜ್ವಾಳ, ಬ್ಯಾಳಿ, ಕೌದಿ, ಕೂಲರ್ ಎಲ್ಲಾ ಸಣ್ಣ ಫ್ಲಾಟಿನಾಗ ಹೆಂಗ ಇಡ್ತೀರಿ?

ಸೇಡಂ_ರೋಡ್_ಸೊಸಿ (ಕಲಬುರಗಿ) ಕೇಳ್ಯಾರ:

ಎಲ್ಲರಿಗೂ ಶರಣು. ನಾವು ಬ್ರಹ್ಮಪುರದಾಗಿನ ಹಳೀ ಮನಿ ಬಿಟ್ಟು ಸೇಡಂ ರೋಡ್ ಕಡಿ ಎರಡು ಬೆಡ್‌ರೂಮಿನ ಫ್ಲಾಟಿಗಿ ಬಂದೀವ್ರಿ. ಲಿಫ್ಟ್ ಅದ, ಗಾಳಿ ಬೆಳಕು ಅದ, ಅತ್ತಿಯವ್ರಿಗಿ ಮೊಣಕಾಲ್ ಬ್ಯಾನಿ ಇರಾದ್ಕ ಅದೇ ದೊಡ್ಡ ಸಮಾಧಾನ. ಆದ್ರ ಹಳೀ ಮನ್ಯಾಗ ಸಾಮಾನಿಗೇ ಅಂತ ಒಂದು ಕತ್ತಲ ಕೋಣಿ ಇತ್ತು, ವರ್ಷದ ಜ್ವಾಳ, ತೊಗರಿಬ್ಯಾಳಿ, ಖಾರ, ಹುಣಸಿಹಣ್ಣು, ಶ್ಯಾವಗಿ ಸಂಡಗಿ ಡಬ್ಬಿ ಎಲ್ಲಾ ಅದರೊಳಗ ಹೋಗಿ ಕುಂಡ್ರುತ್ತಿದ್ವು. ಇಲ್ಲಿ ಆ ಕೋಣಿನೇ ಇಲ್ಲ. ಮಾಡ್ಯುಲರ್ ಕಿಚನ್ ಮಾಡಿ ಕೊಟ್ಟಾರ, ನೋಡ್ಲಾಕ ಭಾಳ ಚಂದ ಅದ, ಆದ್ರ ಅದರ ಡ್ರಾಯರ್‌ನಾಗ ಐದು ಕೆಜಿ ಡಬ್ಬಿ ಸೈತ ನಿಂದ್ರಲ್ಲ.

ಚಿತ್ತಾಪುರ ಕಡಿ ನಮ್ದು ಹೊಲ ಅದ. ಮಾವನವ್ರು ಪ್ರತಿ ಸಲ ರಾಶಿ ಆದ ಮ್ಯಾಲ ಮನಿಗಿ ಬೇಕಾದ ಜ್ವಾಳ ತೊಗರಿ ಮೊದಲು ತೆಗ್ದಿಟ್ಟೇ ಉಳಿದದ್ದು ಗಂಜಿಗಿ (ಕಾಳಿನ ಮಾರ್ಕೆಟ್ಟಿಗಿ) ಹಾಕ್ತಾರ. ನಮ್ಮನಿಯವ್ರು ಅಂತಾರ, ತಿಂಗಳಿಗಿ ಬೇಕಾದಷ್ಟೇ ತಗೋ, ಅಂಗಡಿ ಬಾಗಿಲ ಮುಂದೇ ಅದ ಅಂತ. ಅತ್ತಿಯವ್ರು ಅಂತಾರ, ಹೊಲ ಇದ್ದೂ ಪಾಕೀಟಿನ ಬ್ಯಾಳಿ ತಿನ್ನಾದು ಏನ್ ಚಂದವ್ವಾ ಅಂತ. ನಂಗ ಇಬ್ಬರ ಮಾತೂ ಖರೇನೇ ಅನಸ್ತದ. ಇದರ ಮ್ಯಾಲ ಕೌದಿ ಅವ, ಪತ್ರಾ ಕೂಲರ್ ಅದ, ಮದವಿಗಿ ಬಂದ ಆಯೇರಿ ಭಾಂಡೆ ಅಂತೂ ಕೇಳಬ್ಯಾಡ್ರಿ, ಒಂದೊಂದರ ಮ್ಯಾಲ ಒಬ್ಬೊಬ್ಬರ ಹೆಸರು ಹೊಡಿಸಿದ್ದು ಅದ, ತೆಗಿಯಾಕ ಮನಸ್ಸೇ ಬರಲ್ಲ. ನಿಮ್ ಮನ್ಯಾಗ ಏನು ವರ್ಷಕ್ಕ ತರ್ತೀರಿ, ಏನು ತಿಂಗಳಿಗಿ ತರ್ತೀರಿ, ಎಲ್ಲಿ ಇಡ್ತೀರಿ, ಜರಾ ಹೇಳ್ರಿ.

ಗಂಜಿನ_ಅಣ್ಣ (ಕಲಬುರಗಿ):

ಅಕ್ಕೋರೆ, ನಾವು ಕಾಳಿನ ವ್ಯಾಪಾರದ ಮನ್ಯಾಗೇ ಬೆಳದವ್ರು, ಅದಕ್ಕ ಬ್ಯಾಳಿ ಜ್ವಾಳದ ಮಾತು ಬಂದ್ರ ಸುಮ್ನ ಕುಂಡ್ರಾಕ ಆಗಲ್ಲ, ಉದ್ದ ಆಯ್ತದ, ಓದ್ರಿ.

ವರ್ಷಕ್ಕ ಅಂತ ಇಡಾದು ಎರಡೇ ಇರಲಿ, ಜ್ವಾಳ ಮತ್ತ ತೊಗರಿಬ್ಯಾಳಿ. ಉಳಿದದ್ದೆಲ್ಲಾ ತಿಂಗಳಿಗಿ ತರ್ರಿ. ಹೊಲದ್ದು ಅಂದ್ರ ಅದರ ರುಚಿನೇ ಬ್ಯಾರೆ, ನಮ್ಮ ಕರಿ ಭೂಮಿ ತೊಗರಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಸೀಮಿದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ ಅಂದ್ರ ಸುಮ್ನ ಸಿಕ್ಕಿಲ್ಲ, ಬ್ಯಾಳಿ ಲಗೂ ಬೇಯ್ತದ, ಸಾರಿಗಿ ಘಮ ಬರ್ತದ. ಹಂತಾ ಮಾಲು ಮನ್ಯಾಗೇ ಬೆಳಿತಿರಬೇಕಾದ್ರ ಪಾಕೀಟು ಯಾಕ ಬೇಕು, ಇದರಾಗ ನಾ ನಿಮ್ಮ ಅತ್ತಿಯವ್ರ ಕಡಿ. ಆದ್ರ ಇಡೀ ತೊಗರಿ ಮನ್ಯಾಗ ಇಡಬ್ಯಾಡ್ರಿ. ಇಡೀ ಕಾಳಿಗೇ ಹುಳದ ಕಾಟ ಹೆಚ್ಚು, ಯಾಕಂದ್ರ ತತ್ತಿ ಹೊಲದಾಗ ಇದ್ದಾಗೇ ಕಾಯಿ ಮ್ಯಾಲ ಇಟ್ಟಿರ್ತದ, ಚೀಲದಾಗ ಬಂದು ಆಮ್ಯಾಲ ಹೊರಗ ಬೀಳ್ತದ. ಸಿಪ್ಪಿ ತೆಗ್ದು ಒಡದ ಬ್ಯಾಳಿಗಿ ಅಷ್ಟು ಕಾಟ ಇಲ್ಲ. ರಾಶಿ ಆದ ಮ್ಯಾಲ ಮಿಲ್ಲಿಗಿ ಹಾಕಿ ಬ್ಯಾಳಿ ಮಾಡಿಸೇ ಒಯ್ರಿ, ಕ್ವಿಂಟಾಲ್ ತೊಗರಿಗಿ ಹೆಚ್ಚುಕಡಿಮಿ 70 ಕೆಜಿ ಬ್ಯಾಳಿ ಬರ್ತದ, ಉಳಿದದ್ದು ಹೊಟ್ಟು ನುಚ್ಚು ಆಯ್ತದ. ಐದು ಮಂದಿ ಮನಿಗಿ ಅಷ್ಟು ಬ್ಯಾಳಿ ವರ್ಷಕ್ಕ ಸಾಕಾಗಿ ಹೆಣ್ಮಕ್ಕಳ ಮನಿಗೂ ಒಂದಿಷ್ಟು ಕಳಿಸಾಕ ಬರ್ತದ.

ಜ್ವಾಳ ಇದರ ಉಲ್ಟಾ, ಇಡೀ ಕಾಳೇ ಇಡ್ರಿ, ಹಿಟ್ಟು ಮಾಡಿ ಇಡಬ್ಯಾಡ್ರಿ. ಹಿಟ್ಟು ಹಳೇದು ಆದಂಗ ಜಿಗಿ ಹೋಗಿ ರೊಟ್ಟಿ ತಟ್ಟಾಗ ಹರೀತದ, ಕಹಿನೂ ಆಯ್ತದ. ವಾರಕ್ಕ ಬೇಕಾದಷ್ಟೇ ಗಿರಣಿಗಿ ಹಾಕ್ರಿ. ಜಾಗಾದ ಲೆಕ್ಕ ಹೇಳ್ಬೇಕಂದ್ರ 200 ಲೀಟರಿನ ಒಂದು ಡ್ರಮ್ಮಿನಾಗ ಒಂದೂವರಿ ಕ್ವಿಂಟಾಲ್ ಸಮೀಪ ಜ್ವಾಳ ಹಿಡಿತದ. ಯುಟಿಲಿಟಿದಾಗ ಒಂದು ಮೂಲ್ಯಾಗ ಅದು ನಿಂತ್ರ ಆಯ್ತು, ಮ್ಯಾಲ ಹಲಗಿ ಹಾಕಿದ್ರ ಇಸ್ತ್ರಿ ಮಾಡ್ಲಾಕ ಟೇಬಲ್ಲೂ ಆಯ್ತದ. ಚೀಲದಾಗೇ ಇಡ್ತೀನಿ ಅಂದ್ರ ನೆಲಕ್ಕ ಹಚ್ಚಿ ಇಡಬ್ಯಾಡ್ರಿ, ಕೆಳಗ ಕಟ್ಟಿಗಿ ಇರಲಿ, ಗ್ವಾಡಿಗೂ ಅರ್ಧ ಫುಟ್ ದೂರ ಇರಲಿ, ಮಳಿಗಾಲದಾಗ ಗ್ವಾಡಿ ತಂಪು ಚೀಲಕ್ಕ ಏರ್ತದ.

ತುಂಬಾಕಿಂತ ಮೊದಲು ಬಿಸಲು ಮಾತ್ರ ತಪ್ಪಸಬ್ಯಾಡ್ರಿ. ನಮ್ ಊರಿನ ಏಪ್ರಿಲ್ ಮೇ ಬಿಸಲು ಎಲ್ಲರೂ ಬೈತಾರ, ಕಾಳಿಗಿ ಅದು ಪುಕ್ಕಟ ಔಷಧ. ಕರಿ ತಾಡಪತ್ರಿ ಮ್ಯಾಲ ತೆಳ್ಳಗ ಹರವಿದ್ರ ಹುಳ ಸೈತ, ತತ್ತಿ ಸೈತ ಸಾಯ್ತಾವ. ಸಂಜಿಗಿ ಬಿಸಿ ಬಿಸಿ ಇದ್ದಂಗೇ ಡ್ರಮ್ಮಿಗಿ ಸುರೀಬ್ಯಾಡ್ರಿ, ರಾತ್ರಿ ಆರಲಿ, ಇಲ್ಲಂದ್ರ ಒಳಗ ಬೆವತು ಬೂಸ್ಟ್ ಹಿಡಿತದ. ಅಕ್ಕಿ ಮಾತ್ರ ಬಿಸಲಿಗಿ ಹಾಕಬ್ಯಾಡ್ರಿ, ಬಿರುಕು ಬಿಟ್ಟು ಅನ್ನ ನುಚ್ಚ್ ನುಚ್ಚ್ ಆಯ್ತದ.

ಶಹಾಪುರ_ನರ್ಸ್ (ಯಾದಗಿರಿ ಜಿಲ್ಲೆ):

ಅಣ್ಣಾರು ಹೇಳಿದ್ದು ಎಲ್ಲಾ ಬರೋಬ್ಬರಿ, ನಾ ಒಂದೇ ಮಾತು ಸೇರಸ್ತೀನಿ, ಕೈ ಮುಗದು ಹೇಳ್ತೀನಿ. ಕಾಳಿಗಿ ಹುಳ ಬೀಳಬಾರ್ದು ಅಂತ ಹಳ್ಳಿ ಕಡಿ ಚೀಲದಾಗ ಒಂದು ಗುಳಿಗಿ ಇಡ್ತಾರಲ್ಲ, ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗಿ, ಅದು ಫ್ಲಾಟಿನಾಗ ಬ್ಯಾಡ್ರೀ ಬ್ಯಾಡ. ಗಾಳಿದಾಗಿನ ತೇವ ತಗುಲಿದ್ರ ಸಾಕು ಅದರಿಂದ ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬರ್ತದ, ಬಾಗಿಲಾ ಕಿಟಕಿ ಹಾಕಿ ಮಲಗಿದ ಮನ್ಯಾಗ ಜೀವಾನೇ ಹೋಗ್ತದ, ಸಣ್ಣ ಮಕ್ಕಳಿಗಂತೂ ಇನ್ನೂ ಲಗೂ. ಅದಕ್ಕ ತಿರುಗಿ ಕೊಡಾಕ ವಿಷಹಾರಿ ಔಷಧನೂ ಇಲ್ಲ. ದೊಡ್ಡ ಗೋದಾಮಿನಾಗ ತರಬೇತಿ ಆದವ್ರು ಬಳಸೋ ಮಾಲು ಅದು, ಮನಿಗಿ ಅಲ್ಲ. ಬೇವಿನ ಎಲಿ ಒಣಗಿಸಿ ಹಾಕ್ರಿ, ಬ್ಯಾಳಿಗಿ ಬೇಕಂದ್ರ ಔಡಲೆಣ್ಣಿ ಕೈಗಿ ಸವರಿಕೊಂಡು ತಿಕ್ಕಿ ಇಡ್ರಿ, ಬಿಸಲು ಕೊಡ್ರಿ. ಎಲ್ಲಾ ಮಾಡಿದ ಮ್ಯಾಲೂ ನಾಕು ಹುಳ ಬಿದ್ದು ಬಿಟ್ರ ಮರದಾಗ ಹಾಕಿ ಕೇರಿದ್ರ ಹೋಗ್ತಾವ, ಜೀವ ಹೋದ್ರ ಬರಲ್ಲ.

ಬೀದರ್_ಅಕ್ಕ (ಬೀದರ್):

ನಾ ಕಾಳಿನ ಸುದ್ದಿ ಬಿಟ್ಟು ಉಳಿದ ಸಾಮಾನಿಗಿ ಬರ್ತೀನಿ ತಂಗಿ. ಕೂಲರ್ ಮತ್ತ ಕೌದಿ ಎರಡೂ ಒಂದೇ ಸಲ ಬಳಕಿಗಿ ಬರಲ್ಲ ನೋಡು. ಕೂಲರ್ ಒಳಗ ಎಷ್ಟು ಖಾಲಿ ಜಾಗಾ ಇರ್ತದ, ಮಳಿ ಸುರು ಆದ ಮ್ಯಾಲ ಪಂಪ್ ತೆಗ್ದು, ಘಾಸ್ ತೆಗ್ದು ಒಣಗಿಸಿ, ಟಾಕಿ ಒರಿಸಿ ಪೂರಾ ಒಣಗಿದ ಮ್ಯಾಲ ಅದರೊಳಗೇ ಬ್ಯಾಸಿಗಿ ಸಾಮಾನು ಇಟ್ಟು ಬಿಡ್ತೀವಿ ನಾವು. ಸಂಡಗಿ ಹಾಕೋ ಪ್ಲಾಸ್ಟಿಕ್ ಹಾಳಿ, ತೆಳ್ಳನ ಚಾದರ, ಕಿಟಕಿಗಿ ಕಟ್ಟೋ ಹಸಿರು ಪರದಾ, ನೀರಿನ ಗಡಗಿ ಎಲ್ಲಾ ಅದರಾಗೇ. ಮುಂದಿನ ಬ್ಯಾಸಿಗಿಗಿ ಕೂಲರ್ ತೆಗಿಬೇಕಾದ್ರ ಎಲ್ಲಾ ಒಂದೇ ಕಡಿ ಸಿಗ್ತಾವ, ಹುಡುಕಾಟೇ ಇಲ್ಲ. ಕೌದಿಗಿ ದಿವಾನದ ಪೆಟಿಗಿ ಇಟ್ಕೋ. ಬೀದರ್ ಜರಾ ಎತ್ತರದ ಊರು, ಡಿಸೆಂಬರಿನಾಗ ಥಂಡಿ ಛಲೋನೇ ಬೀಳ್ತದ, ನಮಗ ಕೌದಿ ಬಿಟ್ಟು ಬ್ಲಾಂಕೆಟ್ ಮ್ಯಾಲ ಮನಸ್ಸೇ ಬರಲ್ಲ. ಅವ್ವನ ಸೀರಿ, ಅಜ್ಜಿ ಸೀರಿ, ಸಣ್ಣಂದಿನ ಲಂಗಾ, ಎಲ್ಲಾ ಅದರಾಗ ಇರ್ತಾವ. ತಿಂಗಳಿಗೊಮ್ಮಿ ಗ್ಯಾಲರಿ ಬಿಸಲಿಗಿ ಹಾಕಿ ಝಾಡಿಸಿ ಮಡಚಿಡು.

ಆಯೇರಿ ಭಾಂಡೆ ಬಗ್ಗಿ ಖಡಕ್ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ತಾಮ್ರ ಹಿತ್ತಾಳಿ ಒಂದೂ ಕೊಡಬ್ಯಾಡ, ಅವು ಮುಂದ ಸಿಗಲ್ಲ, ಹಿತ್ತಾಳಿಗಿ ಕಲಾಯಿ ಮಾಡಿಸಿ ದಿನಾ ಬಳಸು. ಸ್ಟೀಲಿಂದು, ಒಂದೇ ನಮೂನಿ ಡಬ್ಬಿ ಗ್ಲಾಸು ತಾಟು ಮನಿ ತುಂಬ ಇರ್ತಾವಲ್ಲ, ಅದರಾಗ ಮನಸ್ಸಿಗಿ ಹತ್ತಿರದವರ ಹೆಸರಿಂದು ಇಟ್ಕೊಂಡು ಉಳಿದದ್ದು ಯಾರಿಗಿ ಬೇಕೋ ಅವರಿಗಿ ಕೊಡು. ಊರಾಗ ಹೊಸದಾಗಿ ಮನಿ ಮಾಡ್ಲತ್ತವ್ರು ಇರ್ತಾರ, ಹಾಸ್ಟೆಲ್ ಬಿಟ್ಟು ರೂಮ್ ಮಾಡೋ ಹುಡುಗರು ಇರ್ತಾರ. ಮೋಡಕಾಕ್ಕ ಹಾಕಿದ್ರ ಸ್ಟೀಲಿಗಿ ಏನೂ ಬರಲ್ಲ, ಅದಕಿಂತ ಒಬ್ಬರ ಮನ್ಯಾಗ ಅನ್ನ ಬೇಯ್ಲಿ.

ಹಾಂ, ಆಯೇರದಾಗ ಬಿದರಿ ಹೂದಾನಿ ಪಾದಾನಿ ಬಂದಿದ್ರ ಅದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ ಯಾರೂ. ಜಿಂಕ್ ತಾಮ್ರ ಕೂಡಿಸಿ ಎರಕ ಹೊಯ್ದು, ನಮ್ ಕ್ವಾಟಿ ಮಣ್ಣು ಹಾಕಿ ಕುದಿಸಿದಾಗ ಆ ಕರಿ ಬಣ್ಣ ಬರ್ತದ, ಬೆಳ್ಳಿ ಅದರ ಮ್ಯಾಲ ಎದ್ದು ಕಾಣ್ತದ. ಹುಳಿ ಹಚ್ಚಿದ್ರ ಕರಿ ಹೋಗಿ ಮಾಸಲ ಆಯ್ತದ. ಮೆತ್ತನ ಅರಿವ್ಯಾಗ ಎರಡು ಹನಿ ಕೊಬ್ಬರಿ ಎಣ್ಣಿ ಹಾಕಿ ಒರಿಸಿದ್ರ ಸಾಕು. ಶೋಕೇಸಿನಾಗ ಇಟ್ಟು ಮರ್ತು ಬಿಡಬ್ಯಾಡ, ಹೂವಿಡು.

ಯಾದಗಿರಿ_ಡ್ಯೂಟಿ (ಯಾದಗಿರಿ):

ನಾ ಯಜಮಾನ್ರ ಕಡಿ ವೋಟ್ ಹಾಕ್ತೀನಿ. ನಾವಿಬ್ಬರೂ ಡ್ಯೂಟಿಗಿ ಹೋಗೋರು, ಹೊಲ ಇಲ್ಲ, ಬಾಡಗಿ ಮನಿ, ಎರಡು ಮೂರು ವರ್ಷಕ್ಕ ವರ್ಗ ಆಗೇ ಆಗ್ತದ, ಕ್ವಿಂಟಾಲ್ ಹೊತ್ಕೊಂಡು ಎಲ್ಲಿ ತಿರಗಾಡಾದು. ತಿಂಗಳ ಮೊದಲ ವಾರ ಚಿಟ್ಟಿ ಬರದು ಕಿರಾಣಿ ಅಂಗಡಿಗಿ ಕೊಡ್ತೀವಿ, ಸಂಜಿಗಿ ಹುಡುಗ ತಂದು ಹಾಕ್ತಾನ. ಚಿಟ್ಟಿ ಬರಿಯೋಕಿಂತ ಮೊದಲು ಡಬ್ಬಿ ಎಲ್ಲಾ ಒಮ್ಮೆ ತೆಗ್ದು ನೋಡಾದು ರೂಢಿ ಮಾಡ್ಕೊಂಡೀವಿ, ಅಷ್ಟಕ್ಕೇ ಅರ್ಧ ಖರ್ಚು ಉಳಿತದ. ದೊಡ್ಡ ಮಾರ್ಟಿಗಿ ಹೋದ್ರ ಒಂದು ತಗೊಂಡ್ರ ಒಂದು ಫ್ರೀ ಅಂತ ಕೈ ತಾನೇ ಹೋಗ್ತದ, ಶಾಂಪೂ ಬಿಸ್ಕೀಟು ಪ್ಲಾಸ್ಟಿಕ್ ಬುಟ್ಟಿ ಮನಿ ತುಂಬ್ತಾವ, ಜಾಗಾ ಸಾಲಲ್ಲ ಅಂತ ಅನ್ಸೋದು ಜ್ವಾಳದಿಂದಲ್ಲ ಇವುಗಳಿಂದಾನೇ. ಅಕ್ಕಿಗಂತೂ ಚಿಂತಿ ಇಲ್ಲ, ಶಹಾಪುರ ಸುರಪುರ ಕಡಿ ನಾರಾಯಣಪುರ ಕಾಲುವಿ ನೀರಿನಾಗ ಬೆಳದ ಸೋನಾ ಮಸೂರಿ ವರ್ಷ ಪೂರ್ತಿ ಇಲ್ಲೇ ಸಿಗ್ತದ, ಹಳೀ ಅಕ್ಕಿ ಕೇಳಿ ಒಂದೊಂದೇ ಚೀಲ ತರ್ತೀವಿ.

ಖಾರ ಒಂದು ಮಾತ್ರ ನಾವೂ ವರ್ಷಕ್ಕೇ ಮಾಡಸ್ತೀವಿ. ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ, ಎರಡೂ ಕೂಡಿಸಿ ಬ್ಯಾಸಿಗ್ಯಾಗ ಕುಟ್ಟಿಸಿ, ಉಪ್ಪು ಬೆರಸಿ, ನಡುವ ಇಂಗಿನ ತುಣುಕು ಇಟ್ಟು ಭರಣ್ಯಾಗ ಒತ್ತಿ ತುಂಬಾದು. ಬೆಳಕು ಬಿದ್ರ ಬಣ್ಣ ಹೋಗ್ತದ, ಕತ್ತಲ ಕಪಾಟಿನಾಗ ಇಡ್ರಿ.

ಆಳಂದ_ಮಾಸ್ತರ್ (ನಿವೃತ್ತ):

ಎಲ್ಲರ ಮಾತು ಓದಿ ಖುಷಿ ಆಯ್ತು. ನಮ್ಮ ಅಪ್ಪನವರ ಕಾಲದಾಗ ಓಣ್ಯಾಗ ಹಗೇವು ಇರ್ತಿದ್ವು, ನೆಲದಾಗ ತೆಗ್ಗು ತೋಡಿ, ಸುತ್ತ ಕಣಕಿ ಹುಲ್ಲು ಹಚ್ಚಿ ಜ್ವಾಳ ತುಂಬಿ ಬಾಯಿಗಿ ಕಲ್ಲು ಹಾಕಿ ಮಣ್ಣು ಮೆತ್ತಿ ಬಿಡ್ತಿದ್ರು. ವರ್ಷಗಟ್ಲೆ ಕೆಡ್ತಿರಲಿಲ್ಲ. ಒಳಗಿನ ಗಾಳಿ ಕಾಳೇ ಉಸಿರಾಡಿ ಮುಗಿಸ್ತದ, ಹುಳಕ್ಕ ಉಸಿರಿಲ್ಲ, ಸಾಯ್ತದ. ಅದೇ ಕಾರಣಕ್ಕ ಹಗೇವು ತೆಗದ ಕೂಡಲೇ ಒಳಗ ಇಳಿಬಾರ್ದು ಅಂತಿದ್ರು ಹಿರಿಯರು, ದೀಪ ಇಳಿಸಿ ನೋಡ್ತಿದ್ರು, ದೀಪ ಆರಿದ್ರ ಯಾರೂ ಇಳಿತಿರಲಿಲ್ಲ. ನಿಮ್ಮ ಡ್ರಮ್ಮಿಗೂ ಅದೇ ನ್ಯಾಯ ಅದ ತಾಯಿ. ಬಾಯಿ ಮಟ ತುಂಬ್ರಿ, ಅರ್ಧ ತುಂಬಿ ಬಿಟ್ರ ಮ್ಯಾಲಿನ ಗಾಳಿದಾಗ ಹುಳ ಬದುಕ್ತಾವ. ದಿನಾ ಅದೇ ಡ್ರಮ್ ತೆಗೀಬ್ಯಾಡ್ರಿ, ತಿಂಗಳಿಗಿ ಬೇಕಾದಷ್ಟು ಸಣ್ಣ ಡಬ್ಬಿಗಿ ತೆಗ್ದು ಮತ್ತ ಬಿಗಿ ಮುಚ್ರಿ.

ಇನ್ನೊಂದು, ಅಡಗಿ ಮನ್ಯಾಗ ಶಹಾಬಾದ ಕಲ್ಲಿನ ಹಲಗಿ ಹಾಕಿಸ್ಕೊಳ್ರಿ, ಮಾಡ್ಯುಲರ್ ಡ್ರಾಯರ್ ಎರಡು ತೆಗಿಸಿದ್ರೂ ಅಡ್ಡಿ ಇಲ್ಲ. ನಮ್ಮ ಜಿಲ್ಲಾದ ಕಲ್ಲು, ರೊಕ್ಕ ಕಡಿಮಿ, ಎಷ್ಟು ಭಾರ ಇಟ್ರೂ ಬಾಗಲ್ಲ, ಗೆದ್ದಲ ಹತ್ತಲ್ಲ. ಆದ್ರ ಅದು ಸುಣ್ಣದ ಕಲ್ಲು, ಹುಳಿ ತಡಿಯಲ್ಲ. ಉಪ್ಪಿನಕಾಯಿ ಭರಣಿ, ಹುಣಸಿಹಣ್ಣಿನ ಡಬ್ಬಿ ಕೆಳಗ ಒಂದು ತಾಟು ಇಡ್ರಿ, ಲಿಂಬಿ ರಸ ಬಿದ್ದ ಕಡಿ ಬಿಳಿ ಕಲಿ ಆದ್ರ ತೊಳದ್ರ ಹೋಗಲ್ಲ.

ಸೇಡಂ_ರೋಡ್_ಸೊಸಿ:

ಎಷ್ಟು ಪ್ರೀತಿಲಿಂದ ಹೇಳೀರಿ ಎಲ್ಲರೂ! ಅತ್ತಿಯವ್ರಿಗಿ ಒಂದೊಂದೇ ಓದಿ ಹೇಳ್ದೆ, ಹಗೇವಿನ ಮಾತಿಗಿ ಅವರು ತಮ್ಮ ತವರಿನ ಹಗೇವಿನ ಸುದ್ದಿ ತೆಗ್ದ್ರು, ಊಟದ ಹೊತ್ತು ಆದ್ರೂ ಮುಗಿಲಿಲ್ಲ. ಜ್ವಾಳಕ್ಕ ಡ್ರಮ್, ಬ್ಯಾಳಿಗಿ ಪತ್ರಾ ಡಬ್ಬಿ, ಉಳಿದ ಕಿರಾಣಿ ಚಿಟ್ಟಿ ಮ್ಯಾಲ ಅಂತ ಮನ್ಯಾಗ ಮಾತಾಗ್ಯಾದ, ನಮ್ಮನಿಯವ್ರೂ ಒಪ್ಯಾರ. ಭಾಂಡೆದಾಗ ಯಾವ್ದು ಇಡಾದು ಯಾವ್ದು ಕೊಡಾದು ಅಂತ ಅತ್ತಿಯವ್ರೇ ಕುಂತು ಹೆಸರು ಓದಿ ಆರಸ್ಲತ್ತಾರ. ಒಂದೇ ತೊಡಕು, ನಮ್ಮ ಅಪಾರ್ಟ್‌ಮೆಂಟಿನಾಗ ಟೆರೇಸಿಗಿ ಕೀಲಿ ಹಾಕಿರ್ತಾರ, ಕಾಳು ಎಲ್ಲಿ ಒಣಗಿಸಾದು?

ಬೀದರ್_ಅಕ್ಕ:

ಅಸೋಸಿಯೇಷನ್ನಿಗಿ ಒಂದು ಅರ್ಜಿ ಬರದು ಕೊಡ್ರಿ, ನೀ ಒಬ್ಬಾಕಿ ಅಲ್ಲ, ನಾಕು ಮನಿಯವ್ರು ಕೂಡಿ. ನಮ್ ಕಡಿ ಬ್ಯಾಸಿಗಿ ಎರಡು ತಿಂಗಳು ಪಾಳಿ ಹಚ್ಚೀವಿ, ಒಂದೊಂದು ಮನಿಗಿ ಒಂದೊಂದು ದಿನ, ಕೀಲಿ ವಾಚ್‌ಮನ್ ಹತ್ರ. ಸಂಡಗಿ ಹಪ್ಪಳ ಕಾಳು ಎಲ್ಲಾ ಅದೇ ಪಾಳ್ಯಾಗ ಆಯ್ತಾವ. ಪಾರಿವಾಳದ ಕಾಟ ಇದ್ರ ಹಳೀ ಸೊಳ್ಳಿ ಪರದಾ ಮ್ಯಾಲ ಹೊಚ್ರಿ, ನಾಕು ಮೂಲಿಗಿ ಕಲ್ಲಿಡ್ರಿ.

ಗಂಜಿನ_ಅಣ್ಣ:

ಅಕ್ಕೋರೆ, ಹಂಗೂ ಆಗಲಿಲ್ಲಂದ್ರ ಊರಾಗೇ ಕಣದಾಗೇ ಒಣಗಿಸಿ ತರಸ್ರಿ, ಮಾವನವ್ರಿಗಿ ಹೇಳಿದ್ರ ಆಯ್ತು. ಜ್ವಾಳದ ರಾಶಿ ಫೆಬ್ರವರಿ ಮಾರ್ಚ್‌ನಾಗ ಬರ್ತದ, ಲಗೂ ಮನಿಗಿ ತರಸಬ್ಯಾಡ್ರಿ, ಏಪ್ರಿಲ್ ಮಟ ಅಲ್ಲೇ ಬಿಸಲು ತಿನ್ನಲಿ. ಹಲ್ಲಿನಾಗ ಒಂದು ಕಾಳು ಕಡದು ನೋಡ್ರಿ, ಟಕ್ ಅಂತ ಒಡದ್ರ ಒಣಗ್ಯಾದ, ಮೆತ್ತಗ ಆದ್ರ ಇನ್ನೂ ಎರಡು ದಿನ ಬೇಕು.