ವೈಲ್ಡರ್ ಬಲಗೈ ಮುಂದೆ ಅವನ ತಪ್ಪುಗಳು ಲೆಕ್ಕಕ್ಕಿಲ್ವಾ?

ರಿಂಗ್_ಹುಚ್ಚ:
ಅಮೆರಿಕದ ಹೆವಿವೇಟ್ ಬಾಕ್ಸರ್ ಡಿಯೊಂಟೆ ವೈಲ್ಡರ್ ಹೆಸರು ಎತ್ತಿದರೆ ಸಾಕು, ಟೆಕ್ನಿಕ್ ಇಲ್ಲ, ಸುಮ್ನೆ ಕೈ ಬೀಸುತ್ತಾನೆ ಅಂತ ಶುರು ಮಾಡುತ್ತಾರೆ. ಇರಲಿ. ಅವನು ಗ್ಲೌಸ್ ಹಾಕಿದ್ದೇ 20ನೇ ವಯಸ್ಸಿನಲ್ಲಿ. ಅಷ್ಟು ತಡವಾಗಿ ಬಂದವನು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ. 2015ರಲ್ಲಿ ಬರ್ಮೇನ್ ಸ್ಟಿವರ್ನ್‌ನನ್ನು ಸೋಲಿಸಿ ಡಬ್ಲ್ಯುಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ವಿಶ್ವ ಪಟ್ಟ ಪಡೆದ, ಅದನ್ನು ಹತ್ತು ಸಲ ಉಳಿಸಿಕೊಂಡ. 2022ರ ಕೊನೆಗೆ 43 ಗೆಲುವು, ಅದರಲ್ಲಿ 42 ನಾಕೌಟ್. ಎದುರಾಳಿ 12 ರೌಂಡ್, ಅಂದರೆ 36 ನಿಮಿಷ ಒಂದೂ ತಪ್ಪು ಮಾಡಬಾರದು, ಇವನಿಗೆ ಎರಡು ಸೆಕೆಂಡು ಸಾಕು. ಇಂಥ ಬಲಗೈ ಇದ್ದವನಿಗೆ ಟೆಕ್ನಿಕ್ ಯಾಕೆ ಬೇಕು ಹೇಳಿ?

ಜ್ಯಾಬ್‌ಗುರು:
ಯಾಕೆ ಬೇಕು ಅನ್ನೋದಕ್ಕೆ ಉತ್ತರ 2020ರ ಫೆಬ್ರವರಿಯಲ್ಲೇ ಸಿಕ್ಕಿದೆ. ಬ್ರಿಟನ್‌ನ ಟೈಸನ್ ಫ್ಯೂರಿ ಜೊತೆಗಿನ ಎರಡನೇ ಪಂದ್ಯ, ಲಾಸ್ ವೇಗಸ್. ಫ್ಯೂರಿ 273 ಪೌಂಡ್ ತೂಕಕ್ಕೆ ಬಂದು ನೇರ ಮುಂದಕ್ಕೆ ನಡೆದ, ಅಷ್ಟೆ. ವೈಲ್ಡರ್‌ಗೆ ಹಿಂದಕ್ಕೆ ಹೆಜ್ಜೆ ಇಡೋದೇ ಗೊತ್ತಿಲ್ಲ. ನೇರ ಹಿಂದೆ ಹೋಗುತ್ತಾನೆ, ಗದ್ದ ಮೇಲೆ, ಎಡಗೈ ಸೊಂಟದ ಹತ್ತಿರ. ಬಲಗೈ ಬೀಸಿ ತಪ್ಪಿದರೆ ಎರಡೂ ಕಾಲು ಒಂದೇ ಸಾಲಿಗೆ ಬಂದು ಬಿಡುತ್ತವೆ, ಆಗ ತಳ್ಳಿದರೂ ಬೀಳುತ್ತಾನೆ. ಹತ್ತಿರ ಬಂದು ಅಪ್ಪಿಕೊಂಡು ಮೈಭಾರ ಹಾಕಿದರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ಏಳನೇ ರೌಂಡ್‌ನಲ್ಲಿ ವೈಲ್ಡರ್ ಕಡೆಯವರೇ ಸೋಲು ಒಪ್ಪಿ ಟವೆಲ್ ಎಸೆದರು.

ರಿಂಗ್_ಹುಚ್ಚ:
ಆವತ್ತು ರಿಂಗ್‌ಗೆ ಬರುವಾಗ ಹಾಕಿದ್ದ ವೇಷ 40 ಪೌಂಡ್‌ಗಿಂತ ಜಾಸ್ತಿ ತೂಕ ಇತ್ತು, ಕಾಲು ಸೋತಿತ್ತು ಅಂತ ಅವನೇ ಹೇಳಿದ್ದಾನಲ್ಲ.

ಜ್ಯಾಬ್‌ಗುರು:
ಹೇಳಿದ. ಆ ವೇಷ ಹಾಕಿಕೊಂಡವನೂ ಅವನೇ.

ಹಳೇಗ್ಲೌಸ್:
ಇಬ್ಬರೂ ಸ್ವಲ್ಪ ಹಿಂದೆ ನೋಡಿ. ಐವತ್ತರ ದಶಕದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಕುಳ್ಳ, ಕೈ ಗಿಡ್ಡ, ಕಾಲಾಟ ನೋಡಿದರೆ ನಗು ಬರುತ್ತಿತ್ತು ಅಂತ ಆಗಿನವರೇ ಹೇಳುತ್ತಿದ್ದರು. 1952ರಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು ಮೊದಲ ರೌಂಡ್‌ನಲ್ಲೇ ಕೆಳಗೆ ಬಿದ್ದ. ಮೂವರು ಜಡ್ಜ್‌ಗಳ ಸ್ಕೋರ್‌ಕಾರ್ಡ್‌ನಲ್ಲೂ ಹಿಂದೆ ಇದ್ದ. 13ನೇ ರೌಂಡ್‌ನಲ್ಲಿ ಒಂದೇ ಬಲಗೈ, ಪಂದ್ಯ ಮುಗಿಯಿತು. 49 ಪಂದ್ಯ, ಒಂದೂ ಸೋಲಿಲ್ಲ.

ಆದರೆ ಎಪ್ಪತ್ತರ ದಶಕದ ಹೆವಿವೇಟ್ ಅರ್ನಿ ಶೇವರ್ಸ್‌ನನ್ನೂ ನೆನೆಸಿಕೊಳ್ಳಿ. ಅವನ ಗುದ್ದು ತಿಂದವರು ಇವತ್ತಿಗೂ ಅದರ ಮಾತಾಡುತ್ತಾರೆ. 1977ರಲ್ಲಿ ಮುಹಮ್ಮದ್ ಅಲಿ ಎದುರು 15 ರೌಂಡ್ ಆಡಿ ಪಾಯಿಂಟ್‌ನಲ್ಲಿ ಸೋತ. 1979ರಲ್ಲಿ ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್‌ನನ್ನು ಏಳನೇ ರೌಂಡ್‌ನಲ್ಲಿ ಕೆಳಗೆ ಬೀಳಿಸಿದ. ಹೋಮ್ಸ್ ಎದ್ದ, 11ನೇ ರೌಂಡ್‌ನಲ್ಲಿ ಶೇವರ್ಸ್ ಆಟವೇ ಮುಗಿಯಿತು. ಮಾರ್ಸಿಯಾನೊ, ಶೇವರ್ಸ್ ಇಬ್ಬರಿಗೂ ಗುದ್ದು ಇತ್ತು. ಒಬ್ಬ ಚಾಂಪಿಯನ್ ಆಗಿಯೇ ಆಟ ಬಿಟ್ಟ, ಇನ್ನೊಬ್ಬನಿಗೆ ಪಟ್ಟವೇ ಸಿಗಲಿಲ್ಲ. ಮಾರ್ಸಿಯಾನೊಗೆ ದಮ್ಮು ಇತ್ತು, ಕೊನೆಯ ರೌಂಡ್‌ನಲ್ಲೂ ಮೊದಲ ರೌಂಡ್‌ನಷ್ಟೇ ಹೊಡೆಯುತ್ತಿದ್ದ. ಶೇವರ್ಸ್ ಬೇಗ ಸುಸ್ತಾಗುತ್ತಿದ್ದ.

ಮೂರನೇ_ಜಡ್ಜ್:
ಗುದ್ದು ಒಂದು ಕಡೆ, ತಪ್ಪು ಇನ್ನೊಂದು ಕಡೆ ಅಂತ ತಕ್ಕಡಿಯಲ್ಲಿ ತೂಗೋದೇ ಸರಿಯಿಲ್ಲ ಅನ್ನೋದು ನನ್ನ ವಾದ. ವೈಲ್ಡರ್‌ನ ತಪ್ಪುಗಳು ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ವಾ? ಎಲ್ಲರಿಗೂ ಗೊತ್ತಿತ್ತು. ಆದರೆ ಅದರ ಲಾಭ ಪಡೆಯಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋಗಲು ಯಾರಿಗೂ ಧೈರ್ಯ ಇರಲಿಲ್ಲ. ಎದುರಾಳಿ ದೂರ ನಿಂತರೆ ಅವನ ಕಾಲಾಟ ಎಷ್ಟು ಕೆಟ್ಟದು ಅಂತ ಗೊತ್ತಾಗೋದೇ ಇಲ್ಲ. ಅಂದರೆ ಆ ಬಲಗೈ ಎದುರಾಳಿಯನ್ನು ಬೀಳಿಸುವುದಕ್ಕೂ ಮುಂಚೆ ಅವನನ್ನು ದೂರ ನಿಲ್ಲಿಸುತ್ತಿತ್ತು.

2019ರ ನವೆಂಬರ್‌ನಲ್ಲಿ ಲೂಯಿಸ್ ಒರ್ಟಿಸ್ ಜೊತೆ ಎರಡನೇ ಪಂದ್ಯ ನೋಡಿ. ಆರು ರೌಂಡ್ ಆದ ಮೇಲೆ ಮೂರೂ ಕಾರ್ಡ್‌ನಲ್ಲಿ ಒರ್ಟಿಸ್ ಮುಂದೆ. ಜನ ವೈಲ್ಡರ್ ಏನೂ ಮಾಡುತ್ತಿಲ್ಲ ಅಂದುಕೊಂಡರು. ಅವನು ಎಡಗೈ ಚಾಚಿ ಚಾಚಿ ದೂರ ಅಳೆಯುತ್ತಿದ್ದ. ಏಳನೇ ರೌಂಡ್‌ನಲ್ಲಿ ಒಂದು ನೇರ ಬಲಗೈ, ಒರ್ಟಿಸ್ ಹಣೆಗೆ. ಅಷ್ಟೇ. ರೌಂಡ್‌ಗಳನ್ನು ಬಿಟ್ಟುಕೊಟ್ಟು ಕಾಯುವುದು, ಒಂದೇ ಜಾಗಕ್ಕೆ ಎದುರಾಳಿಯನ್ನು ತರುವುದು, ಇದೂ ಟೆಕ್ನಿಕ್ಕೇ ಅಲ್ವಾ? ಪುಸ್ತಕದಲ್ಲಿ ಇರೋದಲ್ಲ, ಅಷ್ಟೆ.

ಫ್ಯೂರಿ ಕಂಡುಹಿಡಿದದ್ದು ಇದಕ್ಕೆ ಮದ್ದು. ವೈಲ್ಡರ್‌ನ ಉದ್ದ ತೋಳಿಗೆ ಬೀಸಲು ಜಾಗ ಬೇಕು. ಫ್ಯೂರಿ ಆ ಜಾಗವನ್ನೇ ಕೊಡಲಿಲ್ಲ. ಗುದ್ದು ಅಲ್ಲೇ ಇತ್ತು, ಹೊರಗೆ ಬರಲಿಲ್ಲ.

ಎಡಗೈ:
ಫ್ಯೂರಿ ಜೊತೆಗಿನ ಮೂರನೇ ಪಂದ್ಯ ಮರೆತುಬಿಟ್ಟಿರಿ. 2021ರ ಅಕ್ಟೋಬರ್. ಅಷ್ಟರಲ್ಲಿ ಮಲಿಕ್ ಸ್ಕಾಟ್ ವೈಲ್ಡರ್ ಕೋಚ್ ಆಗಿದ್ದರು. (2014ರಲ್ಲಿ ಇದೇ ಸ್ಕಾಟ್‌ನನ್ನು ವೈಲ್ಡರ್ ಮೊದಲ ರೌಂಡ್‌ನಲ್ಲೇ ಮಲಗಿಸಿದ್ದ. ಬಾಕ್ಸಿಂಗ್‌ನಲ್ಲಿ ಮಾತ್ರ ಇಂಥದ್ದು ನಡೆಯುತ್ತೆ.) ಮೊದಲ ರೌಂಡ್‌ನಲ್ಲಿ ವೈಲ್ಡರ್ ಹೊಟ್ಟೆಗೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆಯುತ್ತಾ ಬಂದ. ನಾಲ್ಕನೇ ರೌಂಡ್‌ನಲ್ಲಿ ಫ್ಯೂರಿ ಎರಡು ಸಲ ಕೆಳಗೆ ಬಿದ್ದ. ಸ್ವಲ್ಪ ಟೆಕ್ನಿಕ್ ಸೇರಿದ್ದಕ್ಕೇ ಇಷ್ಟು ಫಲ. 11ನೇ ರೌಂಡ್‌ನಲ್ಲಿ ಸೋತ ನಿಜ, ಆದರೆ ಆ ಪಂದ್ಯದಲ್ಲಿ ಗೆಲುವಿಗೆ ಹತ್ತಿರ ಹೋಗಿದ್ದ.

ಜ್ಯಾಬ್‌ಗುರು:
ಅದು ನನ್ನ ವಾದಕ್ಕೇ ಬಲ ಕೊಡುತ್ತೆ. ಹೊಟ್ಟೆಗೆ ಜ್ಯಾಬ್ ಎಷ್ಟು ಹೊತ್ತು ಇತ್ತು? ಸುಸ್ತಾದ ತಕ್ಷಣ ಹಳೇ ಬೀಸಾಟ ಶುರು. ಅಭ್ಯಾಸ ಚಿಕ್ಕಂದಿನಿಂದ ಕೂತಿದ್ದರೆ ಸುಸ್ತಾದಾಗಲೂ ಕೈ ತಾನೇ ಅದನ್ನು ಮಾಡುತ್ತೆ.

ಆಮೇಲೆ 2023ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ಜೋಸೆಫ್ ಪಾರ್ಕರ್ ಎದುರು ಏನಾಯಿತು? 12 ರೌಂಡ್ ನಿಂತು ನೋಡುತ್ತಾ ಇದ್ದ. ಒಂದು ಕಾರ್ಡ್ 120-108. ಒಂದೇ ಒಂದು ರೌಂಡ್ ಕೂಡ ಕೊಡಲಿಲ್ಲ ಆ ಜಡ್ಜ್. ಗುದ್ದಿನ ಮೇಲೇ ಬದುಕುವವನು ಗುದ್ದದೇ ಇದ್ದರೆ ಬೇರೆ ಏನಿದೆ ಅವನ ಹತ್ತಿರ?

ರಿಂಗ್_ಹುಚ್ಚ:
ಆಗ ಅವನಿಗೆ 38. ವಯಸ್ಸಾದವನನ್ನು ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಬಾಕ್ಸರ್‌ಗೆ ಎಲ್ಲಕ್ಕಿಂತ ಕೊನೆಗೆ ಹೋಗೋದು ಗುದ್ದು ಅಂತಾರೆ. ಜಾರ್ಜ್ ಫೋರ್‌ಮನ್ 1994ರಲ್ಲಿ 45ನೇ ವಯಸ್ಸಿನಲ್ಲಿ ಆಗಿನ ಚಾಂಪಿಯನ್ ಮೈಕೇಲ್ ಮೂರರ್‌ನನ್ನು ಮಲಗಿಸಲಿಲ್ವಾ? ಅವನೂ ಮೂರೂ ಕಾರ್ಡ್‌ನಲ್ಲಿ ಹಿಂದೆ ಇದ್ದ.

ಹಳೇಗ್ಲೌಸ್:
ಫೋರ್‌ಮನ್‌ಗೆ ಜ್ಯಾಬ್ ಇತ್ತು ಮಾರಾಯ. ಒಳ್ಳೇ ಭಾರದ ಜ್ಯಾಬ್. ಆವತ್ತೂ ಎಡಗೈ ಮೊದಲು, ಹಿಂದೆಯೇ ಗಿಡ್ಡ ಬಲಗೈ. ಅವನು ಬಲಗೈಯನ್ನು ದೂರದಿಂದ ಎಸೆಯಲಿಲ್ಲ. ಕಾಲು ನಿಧಾನ ಆದ ಮೇಲೂ ಆ ಹೊಡೆತ ಕೆಲಸ ಮಾಡುತ್ತೆ. ವೈಲ್ಡರ್‌ನದು ಹಾಗಲ್ಲ, ಕಾಲಿನ ಚಿಮ್ಮುವಿಕೆಯಿಂದ ಬರುವ ಹೊಡೆತ. ಗುದ್ದು ಉಳಿದರೂ ಅದನ್ನು ಅಲ್ಲಿಗೆ ತಲುಪಿಸುವ ಕಾಲು ಉಳಿಯಲ್ಲ.

ರಿಂಗ್_ಹುಚ್ಚ:
ಸರಿ, ಹಾಗಾದರೆ ನೇರ ಪ್ರಶ್ನೆ. 2019ರ ವೈಲ್ಡರ್, ಇವತ್ತು ಎಲ್ಲರೂ ಟೆಕ್ನಿಕ್ ದೇವರು ಅನ್ನೋ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್. ಯಾರು ಗೆಲ್ಲುತ್ತಾರೆ?

ಜ್ಯಾಬ್‌ಗುರು:
ಉಸಿಕ್, ಪಾಯಿಂಟ್‌ನಲ್ಲಿ. ಒಂದೇ ಕಡೆ ಎದುರು ನಿಲ್ಲೋದೇ ಇಲ್ಲ ಅವನು.

ಮೂರನೇ_ಜಡ್ಜ್:
ನಾನೂ ಉಸಿಕ್ ಅಂತಲೇ ಹೇಳುತ್ತೇನೆ, ಆದರೆ ದುಡ್ಡು ಕಟ್ಟಲ್ಲ. ಉಸಿಕ್ ಫ್ಯೂರಿ ಥರ 273 ಪೌಂಡ್ ಭಾರ ಹಾಕಿ ಜಾಗ ಮುಚ್ಚಲು ಆಗಲ್ಲ. ಕೋನ ಬದಲಿಸುತ್ತಾ 12 ರೌಂಡ್ ಆಡಬೇಕು.

ಎಡಗೈ:
ಇನ್ನೊಂದು ವಿಷಯ. ಉಸಿಕ್ ನನ್ನ ಥರ ಎಡಗೈಯವನು, ಅಂದರೆ ಬಲಗಾಲು, ಬಲಗೈ ಮುಂದಿಟ್ಟು ನಿಲ್ಲುವವನು. ಎಡಗೈಯವರ ಎದುರು ನೇರ ಬಲಗೈಗೆ ದಾರಿ ತೆರೆದೇ ಇರುತ್ತೆ. ಒರ್ಟಿಸ್ ಎಡಗೈಯವನು, ಎರಡನೇ ಪಂದ್ಯದಲ್ಲಿ ಮಲಗಿದ್ದು ಅದಕ್ಕೇ. ಹಾಗಂತ ಆ ದಾರಿ ಎರಡೂ ಕಡೆಗೆ ತೆರೆದಿರುತ್ತೆ. 2024ರಲ್ಲಿ ಐದನೇ ರೌಂಡ್‌ನಲ್ಲಿ ವೈಲ್ಡರ್‌ನನ್ನು ಮಲಗಿಸಿದ ಝಾಂಗ್ ಝಿಲೈ ಕೂಡ ಎಡಗೈಯವನೇ.