‘40 ತೂಕದ ದಾರ’ ಅಂದರೆ ಸಣ್ಣದೋ ದಪ್ಪವೋ?

ಗೆಳೆಯರೇ,

ಮಷೀನ್ ಎಂಬ್ರಾಯ್ಡರಿ ಕಲಿಯುವವರಿಗಾಗಿ ದಾರ ಆರಿಸುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸ ಗೊತ್ತು. ಬರೆಯಲು ಕೂತಾಗ ಪದಗಳು ಕೈಕೊಟ್ಟವು. ಅದರಲ್ಲೂ ಒಂದು ಪದ ತುಂಬಾ ಸತಾಯಿಸುತ್ತಿದೆ. ಅದನ್ನೇ ಮೊದಲು ಕೇಳುತ್ತೇನೆ.

ದಾರದ ಕೋನ್ ಮೇಲೆ ‘40 ವೇಟ್’ ಎಂದು ಇರುತ್ತದೆ. ನಾನು ಹಿಂದೆಮುಂದೆ ನೋಡದೆ ‘40 ತೂಕದ ದಾರ’ ಎಂದು ಬರೆದೆ. ಅದರ ಕೆಳಗೆ ‘60 ತೂಕದ ದಾರ’. ಕರಡು ಓದಿದ ಹುಡುಗಿಯೊಬ್ಬಳು ದೊಡ್ಡದೊಂದು ಎಲೆ ತುಂಬಲು 60ರ ದಾರ ಹಾಕಿದಳು. ತೂಕ ಜಾಸ್ತಿ ಅಂದಮೇಲೆ ದಪ್ಪ ಇರಬೇಕು, ದಪ್ಪ ಇದ್ದರೆ ಬಟ್ಟೆ ಚೆನ್ನಾಗಿ ಮುಚ್ಚುತ್ತದೆ ಎಂಬುದು ಅವಳ ಲೆಕ್ಕ. ಹೊಲಿದು ಮುಗಿದ ಮೇಲೆ ನೋಡಿದರೆ ಹಸಿರು ಸಾಲುಗಳ ಮಧ್ಯೆ ಬಿಳಿ ಬಟ್ಟೆ ಇಣುಕುತ್ತಿತ್ತು, ಬಾಚಣಿಗೆ ಹಲ್ಲಿನ ಸಂದಿಯ ಹಾಗೆ. ಡಿಸೈನಿನಲ್ಲಿ ಸಾಲಿಗೂ ಸಾಲಿಗೂ ಸಾಮಾನ್ಯವಾಗಿ 0.4 ಮಿಲಿಮೀಟರ್ ಅಂತರ ಇಟ್ಟಿರುತ್ತಾರೆ. ಅದು 40ರ ದಾರಕ್ಕೆ ಸರಿಹೋಗುವ ಅಂತರ. 60 ಅದಕ್ಕಿಂತ ಸಣ್ಣ ದಾರ. ಚಿಕ್ಕ ಅಕ್ಷರ, ಕಣ್ಣಿನ ರೆಪ್ಪೆ, ಇಂಥವಕ್ಕೆ ಅದು ಚೆನ್ನ. ಪಾಪ, ತಪ್ಪು ಅವಳದ್ದಲ್ಲ, ನನ್ನ ‘ತೂಕ’ದ್ದು.

ಅಸಲಿಗೆ ಆ 40 ತೂಕವೇ ಅಲ್ಲ, ಉದ್ದ. ಒಂದು ಗ್ರಾಂ ದಾರ 40 ಮೀಟರ್ ಬರುತ್ತದೆ ಎಂದು ಅರ್ಥ. ಒಂದೇ ಗ್ರಾಮಿನಲ್ಲಿ 60 ಮೀಟರ್ ಬರಬೇಕಾದರೆ ದಾರ ಸಣ್ಣಗಾಗಲೇಬೇಕು ಅಲ್ವಾ? ಹಾಗಾಗಿ ಅಂಕಿ ಏರಿದಷ್ಟೂ ದಾರ ಸಣ್ಣ. 30 ದಪ್ಪ, 12 ಇನ್ನೂ ದಪ್ಪ.

ಇದಕ್ಕೆ ತದ್ವಿರುದ್ಧ ಇನ್ನೊಂದು ಅಳತೆ ಅದೇ ಲೇಬಲ್ಲಿನ ಮೇಲೆ ಕೂತಿರುತ್ತದೆ: ‘120 ಡಿ/2’. ಡಿ ಅಂದರೆ ಡೆನಿಯರ್. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಡೆನಿಯರ್. ಇಲ್ಲಿ ಅಂಕಿ ಏರಿದರೆ ದಾರ ದಪ್ಪ. 120 ಡೆನಿಯರಿನ ಎರಡು ಎಳೆ ಸೇರಿದರೆ 240. 9000ವನ್ನು 240ರಿಂದ ಭಾಗಿಸಿ, 37.5 ಬರುತ್ತದೆ. ಅಂದರೆ ಗ್ರಾಮಿಗೆ ಹೆಚ್ಚುಕಮ್ಮಿ 40 ಮೀಟರ್. ಎರಡು ಅಳತೆ ಹೇಳುತ್ತಿರುವುದು ಒಂದೇ ದಾರದ ಬಗ್ಗೆ, ಆದರೆ ಎದುರುಬದುರು ನಿಂತು. ತಮಾಷೆ ಎಂದರೆ, ‘ತೂಕ’ ಎಂಬ ಹೆಸರು ನಿಜಕ್ಕೂ ಹೊಂದುವುದು ಡೆನಿಯರಿಗೆ.

‘ತೂಕ’ ಬೇಡ ಎಂದಾದರೆ ಏನು? ‘ನಂಬರು’ ಹೇಗೆ? ನೇಯುವವರು ‘ಇಷ್ಟು ನಂಬರಿನ ನೂಲು’ ಎಂದು ಹೇಳುತ್ತಾರೆ, ಅಲ್ಲೂ ಅಂಕಿ ಏರಿದರೆ ನೂಲು ಸಣ್ಣ. ಕಿವಿಗೆ ಹೊಸದಲ್ಲ, ದಿಕ್ಕೂ ಸರಿ. ಆದರೆ ಇಲ್ಲೊಂದು ಕೊಕ್ಕೆ ಇದೆ. ನೇಯುವವರ ನಂಬರು ಹತ್ತಿ ನೂಲಿನ ಕೌಂಟ್. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ಎಂಬ ಲೆಕ್ಕ ಅದು. ಮೀಟರಿಗೆ ಇಳಿಸಿದರೆ ಅವರ 40ನೇ ನಂಬರಿನ ನೂಲು ಗ್ರಾಮಿಗೆ ಸುಮಾರು 68 ಮೀಟರ್ ಬರುತ್ತದೆ, ನಮ್ಮದು 40. ಅವರ 40 ನಮ್ಮ 60ಕ್ಕಿಂತಲೂ ಸಣ್ಣ! ಇಷ್ಟಾದರೂ ನನ್ನ ಒಲವು ‘ನಂಬರಿನ’ ಕಡೆಗೇ. ಎಂಬ್ರಾಯ್ಡರಿ ಮಾಡುವವರು ಕೌಂಟ್ ನೋಡಿ ದಾರ ಕೊಳ್ಳುವುದಿಲ್ಲ. ‘ತೂಕ’ ಎಂದಾಗ ಆಗುವ ಮೋಸ ‘ನಂಬರು’ ಎಂದಾಗ ಆಗುವುದಿಲ್ಲ. ‘ಸಣ್ಣಳತೆ’ ಎಂದು ಹೊಸ ಪದ ಕಟ್ಟಿದವರೂ ಇದ್ದಾರೆ. ಚೆಂದ ಇದೆ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ.

ಇನ್ನು ದಾರವೋ ನೂಲೋ. ಇದರಲ್ಲಿ ನನಗೆ ಗೊಂದಲವಿಲ್ಲ. ‘ನೂಲಿನಂತೆ ಸೀರೆ’ ಎಂಬ ಗಾದೆಯಲ್ಲೇ ಉತ್ತರ ಇದೆ: ನೂಲು ಬಟ್ಟೆಯಾಗುವ ವಸ್ತು. ಸೂಜಿಗೆ ಪೋಣಿಸುವುದು ದಾರ. ನೂತಿದ್ದು ನೂಲು, ಹೊಲಿಯುವುದು ದಾರ. ಎಂಬ್ರಾಯ್ಡರಿಯ ಪಾಲಿಯೆಸ್ಟರ್ ದಾರವನ್ನು ಯಾರೂ ನೂತಿರುವುದೂ ಇಲ್ಲ. ಕರಗಿಸಿ, ಸಣ್ಣ ತೂತುಗಳಿಂದ ಹೊರಕ್ಕೆ ಒತ್ತಿ ತೆಗೆದ ಉದ್ದುದ್ದ ಎಳೆ ಅದು.

‘ಪ್ಲೈ’ಗೆ ಎಳೆ, ‘ಟ್ವಿಸ್ಟ್’ಗೆ ಹುರಿ. ಎರಡೂ ಒಳ್ಳೆ ಪದಗಳು. ‘ಎರಡೆಳೆ ದಾರ’ ಎಂದರೆ ವಿವರಣೆಯೇ ಬೇಡ. ಹುರಿ ಬಿಗಿಯಾಗಿದ್ದರೆ ದಾರ ಗಟ್ಟಿ, ಸಡಿಲವಾಗಿದ್ದರೆ ಹೊಳಪು ಜಾಸ್ತಿ. ಹುರಿಗಟ್ಟಿದ ಮೈ ಎನ್ನುವಾಗಲೂ ಇದೇ ಗಟ್ಟಿತನ. ಹುರಿಯ ದಿಕ್ಕು ಹೇಳಲು ನಮ್ಮಲ್ಲಿ ಬಲಮುರಿ, ಎಡಮುರಿ ಇದೆಯಲ್ಲ, ಅದನ್ನೇ ತಂದು ‘ಬಲಹುರಿ, ಎಡಹುರಿ’ ಮಾಡೋಣ ಎಂದು ಆಸೆಪಟ್ಟೆ. ಆಮೇಲೆ ಕೈಬಿಟ್ಟೆ. ಹೊಲಿಗೆ ದಾರದವರು ಜೆಡ್ ಹುರಿಯನ್ನು ಎಡಹುರಿ ಎನ್ನುತ್ತಾರೆ. ಹಗ್ಗದವರು ಅದೇ ಜೆಡ್ ಹುರಿಯನ್ನು ಬಲಹುರಿ ಎನ್ನುತ್ತಾರೆ. ಆ ಜಗಳದಲ್ಲಿ ನಾವ್ಯಾಕೆ ಬೀಳಬೇಕು? ಸುಮ್ನೆ ‘ಜೆಡ್ ಹುರಿ’ ಎಂದೇ ಬರೆದಿದ್ದೇನೆ. ಜೆಡ್ ಅಕ್ಷರದ ನಡುಗೆರೆ ವಾಲಿದ ಕಡೆಗೇ ಎಳೆಗಳೂ ವಾಲಿರುತ್ತವೆ, ಕಣ್ಣಿಗೇ ಕಾಣುತ್ತದೆ.

‘ಕೃತಕ ರೇಷ್ಮೆ’ ಎಂಬ ಪದದ ಮೇಲೂ ನನಗೊಂದು ತಕರಾರಿದೆ. ರೇಯಾನಿಗೆ ಈ ಹೆಸರು ಹಳೆಯದು. ಮರದ ತಿರುಳಿನಿಂದ ವಿಸ್ಕೋಸ್, ಅಂದರೆ ಇದೇ ರೇಯಾನ್, ಮಾಡುವ ವಿಧಾನಕ್ಕೆ 1892ರಲ್ಲಿ ಪೇಟೆಂಟ್ ಆಯಿತು, ‘ರೇಯಾನ್’ ಎಂಬ ಹೆಸರು ಬಳಕೆಗೆ ಬಂದದ್ದು 1924ರಲ್ಲಿ. ಅಲ್ಲಿಯತನಕ ಇಂಗ್ಲಿಷಿನಲ್ಲೂ ಅದು ಕೃತಕ ರೇಷ್ಮೆಯೇ. ಈಗ ‘ಕೃತಕ’ ಎಂದರೆ ಓದುವವರು ರೇಯಾನನ್ನೂ ಪಾಲಿಯೆಸ್ಟರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಕೆಲಸದಲ್ಲಿ ಅವೆರಡೂ ಬೇರೆಬೇರೆ. ರೇಯಾನ್ ಮೆತ್ತಗೆ, ಬಟ್ಟೆಯ ಮೇಲೆ ಒರಗಿ ಕೂರುತ್ತದೆ, ಹೊಳಪಿನಲ್ಲಿ ಒಂದು ತಂಪು ಇದೆ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಬ್ಲೀಚ್ ಬಿದ್ದರೆ ಬಣ್ಣ ಹೋಗುತ್ತದೆ. ಪಾಲಿಯೆಸ್ಟರ್ ಎರಡನ್ನೂ ತಡೆಯುತ್ತದೆ. ಮಕ್ಕಳ ಬಟ್ಟೆ, ಟವೆಲ್, ಸಮವಸ್ತ್ರ, ಹೀಗೆ ದಿನಾ ಒಗೆಯುವಂಥದ್ದಕ್ಕೆ ಕಣ್ಣುಮುಚ್ಚಿ ಪಾಲಿಯೆಸ್ಟರ್ ಹಾಕಿ ಎಂದು ಬರೆದಿದ್ದೇನೆ. ರೇಯಾನನ್ನು ರೇಯಾನ್ ಎಂದೇ ಉಳಿಸಿದ್ದೇನೆ.

‘ಬಾಬಿನ್ ಥ್ರೆಡ್’ಗೆ ಕೆಳದಾರ, ಅದಕ್ಕೆ ಜೊತೆಯಾಗಿ ಮೇಲ್ದಾರ. ಕೆಳದಾರ 60 ಅಥವಾ 90ರದ್ದು, ಮೇಲಿನದಕ್ಕಿಂತ ಸಣ್ಣ. ಸ್ಯಾಟಿನ್ ಹೊಲಿಗೆಯ (ಅಡ್ಡಡ್ಡ ಒತ್ತೊತ್ತಾಗಿ ಹಾಕುವ ಹೊಲಿಗೆ) ಹಿಂಬದಿ ತಿರುಗಿಸಿದರೆ ನಡುವಿನ ಮೂರನೇ ಒಂದು ಭಾಗ ಕೆಳದಾರ ಕಾಣಬೇಕು, ಬಿಗಿ ಸರಿಯಿದೆ ಎಂಬುದಕ್ಕೆ ಅದೇ ಗುರುತು. ‘ಟೆನ್ಶನ್’ಗೆ ‘ಬಿಗಿ’ ಸಾಕು. ‘ಸೆಳೆತ’ ಎಂದು ಬರೆದರೆ ಪ್ರೇಮಕಥೆ ಆಗಿಬಿಡುತ್ತದೆ.

ಕಡೆಯ ಪ್ರಶ್ನೆ. ದಾರ ಎರಡು ಥರ ಕೆಡುತ್ತದೆ. ಒಂದು, ಪಟ್ ಎಂದು ಕಡಿಯುವುದು. ತುದಿ ಚೂಪಾಗಿ, ಕತ್ತರಿಸಿದ ಹಾಗೆ ಇರುತ್ತದೆ, ಹೆಚ್ಚಾಗಿ ಬಿಗಿ ಜಾಸ್ತಿಯಾಗಿರುತ್ತದೆ. ಇನ್ನೊಂದು, ಸೂಜಿಯ ಕಣ್ಣಿನ ಹತ್ತಿರ ಎಳೆ ಬಿಚ್ಚಿಕೊಂಡು, ಜುಂಗೆದ್ದು, ಪುಟ್ಟ ಕುಂಚದ ಹಾಗೆ ಅರಳಿ ಆಮೇಲೆ ತುಂಡಾಗುವುದು. ಸೂಜಿಯ ಕಣ್ಣು ಇಕ್ಕಟ್ಟಾಗಿದ್ದರೆ, ಒರಟಾಗಿದ್ದರೆ ಹೀಗಾಗುತ್ತದೆ. ಜರಿ ದಾರದಲ್ಲಂತೂ ಇದೇ ಗೋಳು. ನಡುದಾರಕ್ಕೆ ಸುತ್ತಿದ ತೆಳು ಹಾಳೆ ಕಣ್ಣಿನಲ್ಲಿ ಉಜ್ಜಿ ಸುಲಿದುಬರುತ್ತದೆ. ಮಾಮೂಲಿ 75/11 ಸೂಜಿ ತೆಗೆದು ಕಣ್ಣು ದೊಡ್ಡದಿರುವ 90/14 ಹಾಕಿ, ಮಷೀನಿನ ವೇಗ ಇಳಿಸಿದರೆ ಅರ್ಧ ತೊಂದರೆ ಮುಗಿಯಿತು.

ಪರಿಹಾರ ಬೇರೆಬೇರೆ, ಹಾಗಾಗಿ ಪದವೂ ಬೇರೆಬೇರೆ ಬೇಕು. ಮೊದಲನೆಯದಕ್ಕೆ ‘ಕಡಿಯುವುದು’ ಇಟ್ಟಿದ್ದೇನೆ. ಎರಡನೆಯದಕ್ಕೆ ‘ಹಿಂಜಿಕೊಳ್ಳುವುದು’ ಎಂದು ಬರೆದೆ, ಹತ್ತಿ ಹಿಂಜುವ ನೆನಪಿನಲ್ಲಿ. ‘ದಾರ ಹಿಂಜಿಕೊಳ್ಳುತ್ತಿದೆ, ಸೂಜಿ ಬದಲಿಸಿ.’ ನನ್ನ ಕಿವಿಗೆ ಇದು ಸರಿಯಾಗಿ ಕೇಳುತ್ತದೆ. ಆದರೆ ಹಿಂಜುವುದು ನಾವು ಬೇಕೆಂದೇ ಮಾಡುವ ಕೆಲಸ, ಅದೂ ನೂಲುವ ಮೊದಲು. ತಾನಾಗಿ ಬಿಚ್ಚಿಕೊಳ್ಳುವ ದಾರಕ್ಕೆ ನಿಮ್ಮ ಮನೆಯಲ್ಲಿ, ಹೊಲಿಗೆಯವರ ಬಾಯಲ್ಲಿ ಬೇರೆ ಮಾತು ಇದೆಯೇ?